ಭೀಮಾ ಸೀಮೆಯ ದೋಣಿಗಳು: ಸೊಲ್ಲಾಪುರ, ಅಕ್ಕಲಕೋಟೆ

ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯಲ್ಲಿ ಭೀಮಾ ನದಿ, ಅದನ್ನು ಕೂಡುವ ಸೀನಾ ಮತ್ತು ಬೋರಿ ಹೊಳೆಗಳು, ಉಜನಿ ಜಲಾಶಯದ ಹಿನ್ನೀರು ಹಾಗೂ ಹಳೆಯ ಕೆರೆಗಳ ಮೇಲೆ ನಡೆದುಬಂದ ದೋಣಿ ಬಳಕೆ, ದೋಣಿ ಕಟ್ಟುವಿಕೆ ಮತ್ತು ದುರಸ್ತಿಯನ್ನು ಕುರಿತ ಲೇಖನ. ಸೊಲ್ಲಾಪುರವೆಂದರೆ ಚಾದರ, ಬಿಳಿಜೋಳ, ಸಿದ್ಧರಾಮೇಶ್ವರನ ಗಡ್ಡಾ ಜಾತ್ರೆ ನೆನಪಾಗುತ್ತವೆಯೇ ಹೊರತು ದೋಣಿ ನೆನಪಾಗುವುದಿಲ್ಲ. ಮಳೆ ಕೈಕೊಡುವ ಸೀಮೆ ಇದು. ಬೇಸಿಗೆಯಲ್ಲಿ ಟ್ಯಾಂಕರ್ ಕಾಯುವ ಹಳ್ಳಿಗಳು ಇಲ್ಲಿ ಹೇರಳ. ಆದರೂ ಜಿಲ್ಲೆಯ ಪಶ್ಚಿಮದ ಅಂಚಿನಲ್ಲಿ ರಾಜ್ಯದ ದೊಡ್ಡ ಜಲಾಶಯಗಳಲ್ಲೊಂದು ಇದೆ. ದಕ್ಷಿಣದಲ್ಲಿ ಅಕ್ಕಲಕೋಟೆ ತಾಲ್ಲೂಕಿನ ಗಡಿಯನ್ನೇ ಭೀಮೆ ಬರೆದಿದ್ದಾಳೆ, ಆಚೆ ದಡದಲ್ಲಿ ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳು.

ಈ ಸೀಮೆಯ ದೋಣಿ ಹೊಳೆಯನ್ನು ಅಡ್ಡ ದಾಟುತ್ತದೆ, ಹೊಳೆಗುಂಟ ಸಾಗುವುದಿಲ್ಲ. ಸರಕು ಹೇರಿಕೊಂಡು ಊರಿಂದ ಊರಿಗೆ ವಾರಗಟ್ಟಲೆ ತೇಲುವ ಬದುಕು, ದೋಣಿಯೊಳಗೇ ಒಲೆ ಹಾಸಿಗೆ ಇಟ್ಟುಕೊಂಡ ಸಂಸಾರ ಇಲ್ಲಿ ಬೆಳೆಯಲಿಲ್ಲ. ಅದಕ್ಕೆ ಕಾರಣ ಹೊಳೆಯ ಸ್ವಭಾವದಲ್ಲಿದೆ, ಆಮೇಲೆ ಅದಕ್ಕೆ ಕಟ್ಟಿದ ಒಡ್ಡುಗಳಲ್ಲಿದೆ.

ಹೊಳೆ ಮತ್ತು ಕಡವು

ಭೀಮಾಶಂಕರದಲ್ಲಿ ಹುಟ್ಟಿ ಸುಮಾರು 860 ಕಿಲೋಮೀಟರ್ ಹರಿದು ರಾಯಚೂರಿನ ಬಳಿ ಕೃಷ್ಣೆಯನ್ನು ಸೇರುವ ಭೀಮೆ ಮಳೆಯನ್ನೇ ನಂಬಿದ ನದಿ. ಸಹ್ಯಾದ್ರಿಯಲ್ಲಿ ಮಳೆ ಹಿಡಿದರೆ ಇಲ್ಲಿ ಮೋಡವಿಲ್ಲದ ದಿನವೂ ಹೊಳೆ ಬರುತ್ತದೆ. ಅಣೆಕಟ್ಟುಗಳಿಲ್ಲದ ಕಾಲದಲ್ಲಿ ಆಷಾಢದಿಂದ ಆಶ್ವೀಜದವರೆಗೆ ದಾಟಲು ದೋಣಿಯೇ ಬೇಕಿತ್ತು. ಮಾಘ ಕಳೆಯುವ ಹೊತ್ತಿಗೆ ಎತ್ತಿನ ಗಾಡಿ ಹೊಳೆಯಲ್ಲೇ ಇಳಿದು ಹೋಗುತ್ತಿತ್ತು. ವರ್ಷದಲ್ಲಿ ನಾಲ್ಕೈದು ತಿಂಗಳು ಮಾತ್ರ ಕೆಲಸವಿರುವ ದೋಣಿಗೆ ದೊಡ್ಡ ಬಂಡವಾಳ ಹಾಕುವವರಾರು? ಹಾಗಾಗಿ ಕಡವಿನ ದೋಣಿಗಳು ಚಿಕ್ಕವಾದವು, ಹಗುರಾದವು. ಹೊಳೆ ಇಳಿದಾಗ ದಡಕ್ಕೆ ಎಳೆದು ಮಗುಚಿ ಹಾಕುವಂತಿದ್ದವು.

ಎಲ್ಲಕ್ಕಿಂತ ಹಳೆಯದು ಹರಿಗೋಲು. ಬಿದಿರ ಸೀಳುಗಳನ್ನು ದುಂಡಗೆ ಹೆಣೆದು ಮೇಲೆ ತೊಗಲು ಹೊದಿಸುವ ಈ ಬುಟ್ಟಿದೋಣಿಯನ್ನು ಕೃಷ್ಣಾ ತೀರದ ಕೆಲವೆಡೆ ಪುಟ್ಟಿ ಎನ್ನುತ್ತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್, ಆನೆಗೊಂದಿಯ ಕಡವಿನಲ್ಲಿ ತೊಗಲು ಹೊದಿಸಿದ ಬುಟ್ಟಿದೋಣಿಗಳು ಹದಿನೈದಿಪ್ಪತ್ತು ಜನರನ್ನು, ಅಗತ್ಯ ಬಿದ್ದರೆ ಕುದುರೆ ಎತ್ತುಗಳನ್ನೂ ಹೊತ್ತು ದಾಟಿಸುವುದನ್ನು ಬರೆದಿಟ್ಟಿದ್ದಾನೆ. 1803ರಲ್ಲಿ ಮೈಸೂರಿನಿಂದ ಪುಣೆಯ ಕಡೆಗೆ ಸೇನೆ ನಡೆಸಿದ ಆರ್ಥರ್ ವೆಲ್ಲೆಸ್ಲಿ ಕೂಡ ದಾರಿಯ ಹೊಳೆಗಳಿಗೆ ಬುಟ್ಟಿದೋಣಿಗಳನ್ನೇ ಮಾಡಿಸಲು ಆದೇಶ ಕೊಟ್ಟಿದ್ದ. ಕಲ್ಲುಬಂಡೆ ತುಂಬಿದ ದಖ್ಖನಿನ ನದಿಗಳಲ್ಲಿ ಅಡಿ ಚಪ್ಪಟೆಯಿರುವ, ಮೊಳಕಾಲು ನೀರಿನಲ್ಲೂ ತೇಲುವ, ಬಂಡೆಗೆ ಬಡಿದರೆ ಬಾಗಿ ಮತ್ತೆ ನೆಟ್ಟಗಾಗುವ ಹರಿಗೋಲಿಗೆ ಸರಿಸಾಟಿ ಬಹುಕಾಲ ಬರಲಿಲ್ಲ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಡಾಂಬರು ಬಂದಿದೆ. ಹೆಣಿಗೆ ಮಾತ್ರ ಹಾಗೆಯೇ ಉಳಿದಿದೆ.

ಹರಿಗೋಲೂ ಇಲ್ಲದ ಬಡವರ ಪಾಲಿಗೆ ಒಣಗಿಸಿದ ಬುರುಡೆಗಳಿದ್ದವು. ಸೋರೆ, ಕುಂಬಳದ ಒಣ ಬುರುಡೆಯನ್ನು ಬೆನ್ನಿಗೋ ಎದೆಗೋ ಕಟ್ಟಿಕೊಂಡು ಈಜುವುದು ಉತ್ತರ ಕರ್ನಾಟಕದ ಹೊಳೆಸಾಲಿನ ಹಳೆಯ ರೂಢಿ. ಇದು ಮ್ಯೂಸಿಯಮ್ಮಿಗೆ ಸೇರಿದ ಸಂಗತಿ ಎಂದುಕೊಳ್ಳುವವರು 2013ರ ಮಳೆಗಾಲವನ್ನು ನೆನೆಯಬೇಕು. ಯಾದಗಿರಿ ಜಿಲ್ಲೆಯ ನಡುಗಡ್ಡೆಯೊಂದರ ತುಂಬು ಗರ್ಭಿಣಿ ಹೆರಿಗೆಗಾಗಿ ಒಣ ಬುರುಡೆ ಕಟ್ಟಿಕೊಂಡು ತುಂಬಿದ ಕೃಷ್ಣೆಯನ್ನು ಈಜಿದ್ದು ಆ ವರ್ಷ.

ದೋಣಿ ನಡೆಸುವ ಕಸುಬು ಕರ್ನಾಟಕದ ಕಡೆ ಅಂಬಿಗ, ಕಬ್ಬಲಿಗ, ಗಂಗಾಮತಸ್ಥರದು. ಸೊಲ್ಲಾಪುರದ ಕಡೆ ಕೋಳಿ, ಭೋಯಿ ಸಮುದಾಯದವರದು. ಮೀನು ಹಿಡಿಯುವುದೂ ಇವರದೇ ಕಸುಬು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ಇದೇ ಕಾಯಕದವನು. ಅವನ ನೆಲೆ ಭೀಮೆಯಲ್ಲ, ತುಂಗಭದ್ರೆಯ ದಡದ ಚೌಡದಾನಪುರ. ಅವನ ಸಮಕಾಲೀನ ಸಿದ್ಧರಾಮ ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ತೋಡಿಸಿದ.

ಬ್ರಿಟಿಷರ ಆಳ್ವಿಕೆಯಲ್ಲಿ ಕಡವುಗಳು ಸರ್ಕಾರದ ಲೆಕ್ಕಕ್ಕೆ ಬಂದವು. ಮುಂಬಯಿ ಪ್ರಾಂತ್ಯದಲ್ಲಿ ಇದಕ್ಕಾಗಿ 1868ರ ಕಾಯ್ದೆಯಿತ್ತು. ಆದರೆ ಅಷ್ಟರಲ್ಲೇ ದೋಣಿಯ ಎದುರಾಳಿ ಊರಿಗೆ ಬಂದಾಗಿತ್ತು. 1860ರಲ್ಲಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲು ಸೊಲ್ಲಾಪುರ ಮುಟ್ಟಿತು. 1884ರಲ್ಲಿ ಹೋಟಗಿಯಿಂದ ವಿಜಯಪುರಕ್ಕೆ ಮೀಟರ್ ಗೇಜ್ ಹಳಿ ಭೀಮೆಯನ್ನು ದಾಟಿತು. ಆಮೇಲೆ ಟಾಕಳಿ ಮತ್ತು ಧೂಳಖೇಡಗಳ ನಡುವೆ ರಸ್ತೆ ಸೇತುವೆಯಾಯಿತು. ಕಡವಿನ ದೋಣಿ ಸೇತುವೆಗಳ ನಡುವಿನ ಹಳ್ಳಿಗಳಿಗೆ ಸರಿದುಕೊಂಡಿತು. ಈಚೆ ದಡದಲ್ಲಿ ಮಹಾರಾಷ್ಟ್ರ, ಆಚೆ ದಡದಲ್ಲಿ ಕರ್ನಾಟಕ. ಮಾತು ಎರಡೂ ಕಡೆ ಕನ್ನಡ. ಹೆಣ್ಣು ಕೊಟ್ಟು ತಂದ ಸಂಬಂಧ, ಗಾಣಗಾಪುರದ ದತ್ತ ಮತ್ತು ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಭಕ್ತರ ಓಡಾಟ, ಸಂತೆ ಪೇಟೆ, ಇವೆಲ್ಲ ಹೊಳೆಯ ಎರಡೂ ದಡಗಳನ್ನು ಹೊಲಿದಿಟ್ಟಿವೆ. 1967ರಲ್ಲಿ ಗಡಿ ವಿವಾದ ಪರಿಶೀಲಿಸಿದ ಮಹಾಜನ ಆಯೋಗ ಅಕ್ಕಲಕೋಟೆ ಕನ್ನಡ ನಾಡಿಗೆ ಸೇರಬೇಕೆಂದು ಶಿಫಾರಸು ಮಾಡಿದ್ದಕ್ಕೆ ಹಿನ್ನೆಲೆ ಇದೇ ಜನಜೀವನ. ಗಡಿ ಅಲ್ಲಿಗೆ ಬರಲಿಲ್ಲ, ಜನರ ಹೋಗಿಬರುವಿಕೆ ನಿಲ್ಲಲೂ ಇಲ್ಲ.

ಭೀಮೆಯನ್ನು ಕಡೆಗಣಿಸಿದವರಿಗೆ ಹೊಳೆ ಪಾಠ ಕಲಿಸಿದ ದೊಡ್ಡ ನಿದರ್ಶನ ಔರಂಗಜೇಬನದು. ಮಂಗಳವೇಢೆ ಹತ್ತಿರದ ಮಾಚನೂರ ಬಳಿ, ಬ್ರಹ್ಮಪುರಿಯಲ್ಲಿ, 1695ರಿಂದ 1699ರ ವರೆಗೆ ಅವನ ಬೀಡು ಇತ್ತು. ಆ ನಡುವೆ ಬಂದ ಮಹಾಪೂರ ದಂಡಿನ ಜನ, ಜಾನುವಾರು, ಡೇರೆಗಳನ್ನು ಕೊಚ್ಚಿಕೊಂಡು ಹೋಯಿತು. 2020ರ ಅಕ್ಟೋಬರ್‌ನಲ್ಲಿ ಭೀಮಾ ಬೋರಿಗಳು ಉಕ್ಕಿದಾಗ, 2025ರ ಸೆಪ್ಟೆಂಬರ್‌ನಲ್ಲಿ ಸೀನಾ ದಡ ಮೀರಿದಾಗ ಜನರನ್ನು ಮನೆ ಮಾಳಿಗೆಗಳಿಂದ ಇಳಿಸಿದ್ದು ಮತ್ತೆ ದೋಣಿಗಳೇ. ಈ ಸಲ ಅವು ರಕ್ಷಣಾ ಪಡೆಗಳ ರಬ್ಬರ್ ದೋಣಿಗಳು.

ಪಂಢರಪುರದ ಹೋಡಿ

ಜಿಲ್ಲೆಯಲ್ಲಿ ಹೆಚ್ಚು ಜನ ಕಂಡಿರುವ, ಹೆಚ್ಚು ಜನ ಏರಿರುವ ದೋಣಿ ಪಂಢರಪುರದ ಹೋಡಿ. ಅರ್ಧಚಂದ್ರದಂತೆ ಬಾಗಿ ಹರಿಯುವುದರಿಂದ ಅಲ್ಲಿ ಭೀಮೆಗೆ ಚಂದ್ರಭಾಗೆ ಎಂದು ಹೆಸರು. ನದಿಯ ಪಾತ್ರದಲ್ಲೇ ಇರುವ ಪುಂಡಲೀಕನ ಗುಡಿಗೆ, ಸ್ವಲ್ಪ ದೂರದ ವಿಷ್ಣುಪದಕ್ಕೆ ಯಾತ್ರಿಕರನ್ನು ಕೋಳಿ ಸಮುದಾಯದ ನಾವಿಕರು ಹೋಡಿಯಲ್ಲಿ ಕರೆದೊಯ್ಯುತ್ತಾರೆ. ವಿಠ್ಠಲ ಮಾರ್ಗಶಿರ ಮಾಸದಲ್ಲಿ ವಿಷ್ಣುಪದದಲ್ಲಿ ನೆಲೆಸುತ್ತಾನೆಂಬ ನಂಬಿಕೆಯಿಂದ ಆ ತಿಂಗಳು ಹೋಡಿಗಳಿಗೆ ಬಿಡುವಿಲ್ಲ. ಆಷಾಢ ಏಕಾದಶಿಯ ಹೊತ್ತಿಗೆ ನೀರಿನ ಮಟ್ಟ ಮೇಲಿನ ಉಜನಿಯಿಂದ ಎಷ್ಟು ಬಿಟ್ಟಿದ್ದಾರೆ ಎಂಬುದರ ಮೇಲೆ ನಿಂತಿರುತ್ತದೆ. ಕಡಿಮೆ ಬಿಟ್ಟರೆ ಹೋಡಿ ಮರಳಿಗೆ ತಾಗುತ್ತದೆ. ಹೆಚ್ಚು ಬಿಟ್ಟರೆ ಆಡಳಿತವೇ ಹೋಡಿ ನಿಲ್ಲಿಸುತ್ತದೆ. ನಾವಿಕನ ದುಡಿಮೆಯ ಕೀಲಿಕೈ ಈಗ ಮಳೆದೇವರ ಬಳಿ ಇಲ್ಲ, ನೀರಾವರಿ ಇಲಾಖೆಯ ಬಳಿ ಇದೆ.

ಉಜನಿ ಹಿನ್ನೀರು

1960ರ ದಶಕದಲ್ಲಿ ಕೈಗೆತ್ತಿಕೊಂಡು 1980ರಲ್ಲಿ ಮುಗಿಸಿದ ಉಜನಿ ಅಣೆಕಟ್ಟು ಈ ಸೀಮೆಯ ದೋಣಿಯ ಕಥೆಯನ್ನೇ ಬದಲಿಸಿತು. ಯಶವಂತ ಸಾಗರವೆಂದು ಹೆಸರಾದ ಈ ಜಲಾಶಯ ಸುಮಾರು 117 ಟಿಎಂಸಿ ನೀರು ಹಿಡಿಯುತ್ತದೆ. ಅದರಲ್ಲಿ ತೂಬಿನಿಂದ ಬಿಡಬಹುದಾದ ನೀರು 53 ಟಿಎಂಸಿ ಚಿಲ್ಲರೆ; ಉಳಿದ ಸುಮಾರು 63 ಟಿಎಂಸಿ ತೂಬಿನ ಮಟ್ಟಕ್ಕಿಂತ ಕೆಳಗಿನ ಸಂಗ್ರಹ. ಬಳಕೆಯ ನೀರಿಗಿಂತ ತಳದ ನೀರೇ ಹೆಚ್ಚಿರುವ ಈ ವಿಚಿತ್ರದಿಂದಾಗಿ ಉಜನಿಯ ಮಟ್ಟವನ್ನು ಸೊನ್ನೆಯಿಂದ ಕೆಳಕ್ಕೂ ಎಣಿಸುತ್ತಾರೆ. ಬೇಸಿಗೆ ಬಂತೆಂದರೆ ಸೊಲ್ಲಾಪುರದ ಚಹಾ ಅಂಗಡಿಗಳಲ್ಲಿ ‘ಉಜನಿ ಮೈನಸ್‌ಗೆ ಹೋಯ್ತು’ ಎಂಬ ಮಾತು ಸಾಮಾನ್ಯ. 2024ರ ಬೇಸಿಗೆಯಲ್ಲಿ ಅದು ಮೈನಸ್ ಐವತ್ತನ್ನೂ ದಾಟಿ ಇಳಿದಿತ್ತು. ದೋಣಿಯವರಿಗೆ ಮಾತ್ರ ಈ ತಳದ ನೀರೇ ಅನ್ನ: ಕಾಲುವೆ ಒಣಗಿದ ಮೇಲೂ ತೇಲಲು, ಬಲೆ ಬೀಸಲು ನೀರು ಉಳಿದಿರುತ್ತದೆ.

ಅಣೆಕಟ್ಟು ಊರುಗಳನ್ನು ಮುಳುಗಿಸಿತು, ರಸ್ತೆಗಳನ್ನು ಕಡಿಯಿತು. ಹಿಂದೆ ಕಿರಿದಾದ ಹೊಳೆಯ ಎದುರುಬದುರಾಗಿದ್ದ ಹಳ್ಳಿಗಳ ನಡುವೆ ಈಗ ಕಿಲೋಮೀಟರುಗಟ್ಟಲೆ ನೀರು. ಪುಣೆ ಜಿಲ್ಲೆಯ ಇಂದಾಪುರ ತಾಲ್ಲೂಕು ಒಂದು ಕಡೆ, ಸೊಲ್ಲಾಪುರದ ಕರಮಾಳೆ ತಾಲ್ಲೂಕು ಇನ್ನೊಂದು ಕಡೆ. ರೈಲು ಮಾರ್ಗವನ್ನು ಬೇರೆಡೆಗೆ ಸರಿಸಿದಾಗ ಬಿಟ್ಟುಕೊಟ್ಟ ಡಿಕ್ಸಳದ ಬ್ರಿಟಿಷ್ ಕಾಲದ ಸೇತುವೆಯೇ ಎಷ್ಟೋ ವರ್ಷ ರಸ್ತೆ ಸೇತುವೆಯಾಗಿ ದುಡಿಯಿತು. ಅಲ್ಲಿಗೂ ದೂರವಾದ ಊರುಗಳು ದೋಣಿ ಹಿಡಿದವು. ಶಾಲೆ, ಆಸ್ಪತ್ರೆ, ಬಾರಾಮತಿ ಕಡೆಯ ಕೆಲಸ ಎಲ್ಲಕ್ಕೂ ಮೋಟಾರು ದೋಣಿ. ಮೋಟಾರ್‌ಸೈಕಲ್ಲುಗಳನ್ನೂ ಅದರಲ್ಲೇ ಹೇರುವುದುಂಟು. ಅಣೆಕಟ್ಟು ಬಂದರೆ ದೋಣಿ ಕಡಿಮೆಯಾಗುತ್ತದೆ ಎಂಬ ಸಾಮಾನ್ಯ ಎಣಿಕೆಗೆ ಉಜನಿ ಪೂರ್ತಿ ತದ್ವಿರುದ್ಧ.

ಇಲ್ಲಿನ ಮೀನುಗಾರಿಕೆಯೂ ದೊಡ್ಡದು. ಕಟ್ಲಾ, ರೋಹು, ಈಗೀಗ ಎಲ್ಲವನ್ನೂ ಹಿಂದಿಕ್ಕಿರುವ ತಿಲಾಪಿಯ ಬಲೆಗೆ ಬೀಳುವ ಮುಖ್ಯ ಮೀನುಗಳು. ಚಳಿಗಾಲದಲ್ಲಿ ಭಿಗವಣ, ಕುಂಭಾರಗಾಂವಗಳ ಮೀನುಗಾರರು ಅದೇ ದೋಣಿಯಲ್ಲಿ ಪಕ್ಷಿ ನೋಡುವವರನ್ನು ಕೂರಿಸಿಕೊಂಡು ರಾಜಹಂಸಗಳ ಹಿಂಡಿನ ಬಳಿಗೆ ಒಯ್ಯುತ್ತಾರೆ. ಹಕ್ಕಿ ಬೆದರದಂತೆ ಮೋಟಾರು ನಿಲ್ಲಿಸಿ ಉದ್ದನೆಯ ಗಳ ಹಾಕಿ ದೋಣಿ ತಳ್ಳುವಾಗ ಅವರ ಹಳೆಯ ಕಸುಬು ಎದ್ದು ಕಾಣುತ್ತದೆ. ಬರಗಾಲದಲ್ಲಿ ನೀರಿಳಿದರೆ ಪಳಸದೇವದ ಪಳಸನಾಥ ದೇಗುಲ, ಕುಗಾಂವದ ಹಳೆಯ ವಾಡೆ ಮೇಲೇಳುತ್ತವೆ. ನೋಡಲು ಬರುವವರಿಗೆ ಅದು ಬೆರಗು. ದೋಣಿಯವರಿಗೆ ಗಂಡಾಂತರ: ಇನ್ನೂ ಒಂದಡಿ ನೀರಿನಡಿ ಇರುವ ಗೋಡೆ, ಬಾವಿಕಟ್ಟೆ, ಮರದ ಮೋಟುಗಳು ದೋಣಿಯ ತಳ ಸೀಳುತ್ತವೆ.

ಕಾಲುವೆ ಉಂಟು, ದೋಣಿ ಇಲ್ಲ

ಉಜನಿಗೆ ಎಡದಂಡೆ ಬಲದಂಡೆ ಕಾಲುವೆಗಳಿವೆ. ಭೀಮೆಯ ನೀರನ್ನು ಸೀನಾಕ್ಕೆ ಒಯ್ಯುವ ಸುರಂಗವಿದೆ. ಸೊಲ್ಲಾಪುರದ ಉತ್ತರಕ್ಕೆ ಅಧಿಲಾ ಹಳ್ಳಕ್ಕೆ ಅಡ್ಡಲಾಗಿ 1871ರಲ್ಲಿ ಮುಗಿದ, ಹಿಪ್ಪರಗಾ ಕೆರೆ ಎಂದು ಜನ ಕರೆಯುವ ಏಕರೂಖ ಕೆರೆಗೂ ಕಾಲುವೆಗಳಿದ್ದವು. ಈಗ ಉಜನಿಯ ನೀರು ಏಕರೂಖದ ಏತ ನೀರಾವರಿಯ ಮೂಲಕ ಹರಣಾ ಹೊಳೆಗೆ, ಅಲ್ಲಿಂದ ಬೋರಿಯ ಮೇಲಿನ ಕುರನೂರ ಅಣೆಗೆ, ಹೀಗೆ ಅಕ್ಕಲಕೋಟೆಯ ತನಕ ಸಾಗುವ ವ್ಯವಸ್ಥೆಯಿದೆ. ನೀರು ಇಷ್ಟು ದೂರ ನಡೆಯುತ್ತದೆ, ದೋಣಿ ನಡೆಯುವುದಿಲ್ಲ.

ಕಾರಣ ಸರಳ. ಹೊಲಕ್ಕೆ ನೀರುಣಿಸುವ ಕಾಲುವೆಗೆ ಇಳಿಜಾರು ಬೇಕು, ನಡುನಡುವೆ ಧುಮುಕುಗಳು ಬೇಕು. ಸರದಿಯ ಮೇಲೆ ನೀರು ಬಿಟ್ಟು ನಿಲ್ಲಿಸುತ್ತಾರೆ, ತಿಂಗಳಾನುಗಟ್ಟಲೆ ತಳ ಒಣಗಿರುತ್ತದೆ. ದೋಣಿಗೆ ಬೇಕಾದದ್ದು ಸಮತಟ್ಟಾದ, ನಿಂತ ನೀರು ಮತ್ತು ಮಟ್ಟ ಬದಲಾಗುವಲ್ಲಿ ದೋಣಿಯನ್ನು ಏರಿಸಿ ಇಳಿಸುವ ಜೋಡುಬಾಗಿಲಿನ ಲಾಕ್‌ಗಳು. ಎರಡನ್ನೂ ಒಂದೇ ಕಾಲುವೆಯಲ್ಲಿ ಸಾಧಿಸಬಹುದು ಎಂದು ಹಟ ಹಿಡಿದವನು ಬ್ರಿಟಿಷ್ ನೀರಾವರಿ ಎಂಜಿನಿಯರ್ ಆರ್ಥರ್ ಕಾಟನ್. ರೈಲಿಗಿಂತ ಕಾಲುವೆ ಮೇಲು ಎಂಬುದು ಅವನ ವಾದ. ಕನ್ನಡ ಸೀಮೆಗೆ ಹತ್ತಿರದ ಪ್ರಯೋಗವೆಂದರೆ ತುಂಗಭದ್ರೆಗೆ ಸುಂಕೇಸುಲದಲ್ಲಿ ಒಡ್ಡು ಹಾಕಿ ತೆಗೆದ ಕರ್ನೂಲು–ಕಡಪ ಕಾಲುವೆ. ನೀರಾವರಿ, ದೋಣಿ ಸಂಚಾರ ಎರಡಕ್ಕೂ ಲಾಕ್ ಸಮೇತ ಕಟ್ಟಿದ ಅದು ಖಾಸಗಿ ಕಂಪನಿಯನ್ನು ನಷ್ಟಕ್ಕೆ ತಳ್ಳಿತು. 1882ರಲ್ಲಿ ಸರ್ಕಾರ ಕೊಂಡುಕೊಂಡಿತು. ದೋಣಿ ಓಡಾಟ ಕಾಲಾಂತರದಲ್ಲಿ ನಿಂತುಹೋಯಿತು. ಇಂಗ್ಲೆಂಡಿನಲ್ಲೂ ರೈಲು ಕಾಲುವೆಗಳನ್ನು ಸೋಲಿಸಿತ್ತು. ಆದರೆ ಅಲ್ಲಿ 1944ರಲ್ಲಿ ಎಲ್.ಟಿ.ಸಿ. ರೋಲ್ಟ್ ಬರೆದ ‘ನ್ಯಾರೋ ಬೋಟ್’ ಪುಸ್ತಕ, 1946ರಲ್ಲಿ ಹುಟ್ಟಿದ ಒಳನಾಡು ಜಲಮಾರ್ಗಗಳ ಸಂಘ ಜನರನ್ನು ಮತ್ತೆ ಕಾಲುವೆಗೆ ಕರೆತಂದವು. ಹಳೆಯ ಸರಕು ದೋಣಿಗಳಲ್ಲಿ, ಚಿಕ್ಕ ಫೈಬರ್ ಕ್ರೂಸರುಗಳಲ್ಲಿ ರಜೆ ಕಳೆಯುವುದು, ಕೊನೆಗೆ ಅದರಲ್ಲೇ ವಾಸಿಸುವುದು ಅಲ್ಲಿ ಒಂದು ಬದುಕಿನ ಬಗೆಯೇ ಆಯಿತು. ಅಲ್ಲಿ ಕಾಲುವೆಯನ್ನು ದೋಣಿಗಾಗಿಯೇ ತೋಡಿದ್ದರು. ಇಲ್ಲಿ ತೋಡಿದ್ದು ಕಬ್ಬಿಗಾಗಿ.

ನದಿಯ ಹಾದಿಯನ್ನು ಬಾಂದಾರಗಳು ಮುಚ್ಚಿವೆ. ಭೀಮಾ ಸೀನಾಗಳ ಮೇಲೆ ಸಾಲಾಗಿ ಕಟ್ಟಿರುವ ಕೊಲ್ಹಾಪುರ ಮಾದರಿಯ ಬಾಂದಾರಗಳಲ್ಲಿ ಕಂಬಗಳ ನಡುವಿನ ಕಿಂಡಿಗಳಿಗೆ ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ, ಮುಂದಿನ ಮಳೆಗೆ ಮೊದಲು ಎತ್ತುತ್ತಾರೆ. ಸೊಲ್ಲಾಪುರ ನಗರಕ್ಕೆ ಕುಡಿಯುವ ನೀರು ಎತ್ತುವ ಔಜ್–ಟಾಕಳಿಯ ಬಾಂದಾರವೂ ಭೀಮೆಯ ಮೇಲೆಯೇ ಇದೆ. ದೋಣಿ ದಾಟುವ ಬಾಗಿಲು ಒಂದರಲ್ಲೂ ಇಲ್ಲ. 2016ರ ಕಾಯ್ದೆ ಘೋಷಿಸಿದ 111 ರಾಷ್ಟ್ರೀಯ ಜಲಮಾರ್ಗಗಳಲ್ಲಿ ಭೀಮೆಗೂ ಹೆಸರು ಸಿಕ್ಕಿದೆ. ಅದು ಕರ್ನಾಟಕ, ತೆಲಂಗಾಣಗಳ ಕೆಳಪಾತ್ರಕ್ಕೆ ಸಂಬಂಧಿಸಿದ್ದು, ಸೊಲ್ಲಾಪುರದ ಭೀಮೆ ಅದರಲ್ಲಿಲ್ಲ.

ಹಳೆಯ ದೋಣಿಗೆ ಜೀವ ಕೊಡುವುದು

ಇಲ್ಲಿ ದೋಣಿಯನ್ನು ದುರಸ್ತಿ ಮಾಡುವುದು ಹವ್ಯಾಸಕ್ಕಲ್ಲ, ಹೊಸದಕ್ಕೆ ಹಣವಿಲ್ಲದ್ದರಿಂದ. ಕಾಲ ಬೇಸಿಗೆ. ನೀರಿಳಿದ ದಡದಲ್ಲಿ ದೋಣಿಯನ್ನು ದಿಮ್ಮಿಗಳ ಮೇಲೆ ಮಗುಚಿ ಕೆಲವು ದಿನ ಒಣಗಲು ಬಿಡುತ್ತಾರೆ.

ಮರದ ದೋಣಿಯಾದರೆ ಹಳೆಯ ಡಾಂಬರು ಹೆರೆದು, ಹಲಗೆಗಳ ಸಂದಿನಲ್ಲಿ ಚೂರಿಯ ಮೊನೆ ಚುಚ್ಚಿ ನೋಡುತ್ತಾರೆ. ಮೊನೆ ಸಲೀಸಾಗಿ ಇಳಿದರೆ ಮರ ಕೊಳೆತಿದೆ, ಆ ತುಂಡು ಹೋಗಬೇಕು. ಒಳಗಿನ ಬಾಗು ಅಡ್ಡಪಟ್ಟಿಗಳಿಗೆ ಕರಿಜಾಲಿ ಒಳ್ಳೆಯದು. ಗಾಡಿಯ ಗಾಲಿಗೂ ಅದೇ ಮರ ಬಳಸುವ ಈ ಸೀಮೆಯ ಬಡಿಗರಿಗೆ ಜಾಲಿಯ ಸಹಜ ಬಾಗು ಆರಿಸುವುದು ಗೊತ್ತು. ತುಕ್ಕು ಹಿಡಿದ ಮೊಳೆ ತನ್ನ ಸುತ್ತಲಿನ ಮರವನ್ನೂ ಕಪ್ಪಾಗಿಸಿ ತಿನ್ನುತ್ತದೆ, ಆದ್ದರಿಂದ ಅದನ್ನು ಕಿತ್ತು ಅದೇ ತೂತಿಗೆ ಹೊಸದು ಹೊಡೆಯಬಾರದು. ಸಂದುಗಳಿಗೆ ಹತ್ತಿಯ ನೂಲನ್ನು ರಾಳ ಬೆರೆಸಿದ ಎಣ್ಣೆಯಲ್ಲೋ ಡಾಂಬರಿನಲ್ಲೋ ಅದ್ದಿ, ಮೊಂಡು ಉಳಿಯಿಟ್ಟು ಬಡಿದು ತುಂಬುತ್ತಾರೆ. ಗಟ್ಟಿಯಾಗಿ ತುರುಕಿದರೆ ಹಲಗೆ ಉಬ್ಬಿದಾಗ ಮೊಳೆ ಎದ್ದುಬರುತ್ತದೆ. ಸಡಿಲ ಬಿಟ್ಟರೆ ನೂಲು ತೊಳೆದುಹೋಗುತ್ತದೆ. ಕಡೆಗೆ ಬಿಸಿ ಡಾಂಬರು ಬಳಿಯುತ್ತಾರೆ. ನೀರಿಗಿಳಿಸಿದ ಮೊದಲೆರಡು ದಿನ ದೋಣಿ ಸೋರಿಯೇ ಸೋರುತ್ತದೆ. ಒಣಗಿದ ಹಲಗೆ ನೀರು ಕುಡಿದು ಉಬ್ಬಿ ಸಂದು ಮುಚ್ಚಿಕೊಳ್ಳುವವರೆಗೆ ಕಾಯಬೇಕು. ಅಷ್ಟರಲ್ಲೇ ಗಾಬರಿಯಾಗಿ ಮತ್ತೆ ದಡಕ್ಕೆಳೆಯುವವನು ಹೊಸಬ.

ಕಬ್ಬಿಣದ ತಗಡಿನ ದೋಣಿಗೆ ಶತ್ರು ಹೊರಗಿನ ನೀರಿಗಿಂತ ಒಳಗೆ ನಿಂತ ನೀರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಹೋದರೆ ಗಟ್ಟಿ ತಗಡು ಟಣ್ಣೆನ್ನುತ್ತದೆ, ಸವೆದ ಕಡೆ ದನಿ ಮಂಕಾಗುತ್ತದೆ. ಅಲ್ಲಿ ಕತ್ತರಿಸಿ ತೇಪೆ ಬೆಸುಗೆ ಹಾಕಿ ರೆಡ್ ಆಕ್ಸೈಡ್ ಹಚ್ಚುತ್ತಾರೆ. ಈ ಕೆಲಸವನ್ನು ಟ್ರೇಲರ್ ಮಾಡುವ ಯಾವ ಬೆಸುಗೆ ಅಂಗಡಿಯವನಾದರೂ ಮಾಡಬಲ್ಲ, ತಗಡಿನ ದೋಣಿಯ ದೊಡ್ಡ ಅನುಕೂಲ ಅದೇ.

ಫೈಬರ್ ದೋಣಿ, ಅದರಲ್ಲೂ ಸವಾರಿಗೆ ಬಳಸಿ ಬಿಟ್ಟ ಚಿಕ್ಕ ಲಾಂಚು, ಹೊರಗೆ ಚೆನ್ನಾಗಿ ಕಂಡು ಒಳಗೆ ಮೋಸ ಮಾಡುತ್ತದೆ. ಬಿಸಿಲಿಗೆ ಮೇಲ್ಮೈ ಸುಣ್ಣದಂತೆ ಪುಡಿಯಾಗುವುದು ಅಷ್ಟೇನೂ ದೊಡ್ಡದಲ್ಲ, ಉಜ್ಜಿದರೆ ಸರಿ. ನೋಡಬೇಕಾದ ಜಾಗ ಮೋಟಾರು ಕೂರುವ ಹಿಂಬದಿಯ ಹಲಗೆ. ಫೈಬರಿನ ಎರಡು ಪದರಗಳ ನಡುವೆ ಅಲ್ಲಿ ಪ್ಲೈವುಡ್ ಇರುತ್ತದೆ. ಬೋಲ್ಟ್ ತೂತಿನಿಂದ ಇಳಿದ ನೀರು ಅದನ್ನು ವರ್ಷಗಟ್ಟಲೆ ಸದ್ದಿಲ್ಲದೆ ಕೊಳೆಸುತ್ತದೆ. ಮೋಟಾರನ್ನು ಹಿಡಿದು ಅಲ್ಲಾಡಿಸಿದಾಗ ಹಲಗೆಯೂ ಬಾಗಿದರೆ ಒಳಪದರ ಕೊಯ್ದು ಪ್ಲೈವುಡ್ ಪೂರ್ತಿ ಬದಲಿಸದೆ ಗತಿಯಿಲ್ಲ. ಸೀಳು ಬಿಟ್ಟ ಕಡೆ ಮೇಲೆ ತೇಪೆ ಅಂಟಿಸಿದರೆ ನಿಲ್ಲದು. ಬಿರುಕಿನ ಸುತ್ತ ದಪ್ಪದ ಹನ್ನೆರಡು ಪಟ್ಟು ಅಗಲಕ್ಕೆ ಇಳಿಜಾರಾಗಿ ಉಜ್ಜಿ, ಒಣಗಿಸಿ, ಗಾಜಿನ ನಾರಿನ ಹಾಸನ್ನು ಪದರ ಪದರವಾಗಿ ರಾಳದಲ್ಲಿ ಕೂರಿಸಬೇಕು. ಗಟ್ಟಿಯಾಗಲು ಬೆರೆಸುವ ದ್ರವ ನೂರಕ್ಕೆ ಒಂದೆರಡು ಪಾಲು ಮಾತ್ರ. ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಮೀರುವ ಸೊಲ್ಲಾಪುರದಲ್ಲಿ ಅಷ್ಟು ಬೆರೆಸಿದರೂ ಡಬ್ಬಿಯಲ್ಲೇ ರಾಳ ಹೊಗೆಯಾಡಿ ಕಲ್ಲಾಗಬಹುದು. ಬೆಳಗಿನ ತಂಪಿನಲ್ಲಿ, ಸ್ವಲ್ಪ ಸ್ವಲ್ಪವೇ ಕಲಸಿಕೊಂಡು ಮುಗಿಸುವುದು ಜಾಣತನ.

ಔಟ್‌ಬೋರ್ಡ್ ಮೋಟಾರಿನ ಪರೀಕ್ಷೆ ಕೆಳಗಿನ ಗೇರುಪೆಟ್ಟಿಗೆಯ ಎಣ್ಣೆಯಿಂದ ಶುರುವಾಗುತ್ತದೆ. ಅದು ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲು ಹೋಗಿ ನೀರು ಸೇರಿದೆ ಎಂದರ್ಥ. ಆಮೇಲೆ ತಂಪುನೀರು ಎಳೆಯುವ ರಬ್ಬರ್ ಚಕ್ರ, ಹಳೆಯ ಪೆಟ್ರೋಲ್ ಅಂಟಾಗಿ ಕಟ್ಟಿದ ಕಾರ್ಬ್ಯುರೇಟರ್. ಉಜನಿಯಲ್ಲಿ ಹಬ್ಬುವ ಅಂತರಗಂಗೆ ನೀರೆಳೆಯುವ ಕಿಂಡಿಯನ್ನು ಮುಚ್ಚಿ ಮೋಟಾರು ಸುಡುವುದರಿಂದ, ಹುಟ್ಟೊಂದನ್ನು ಸದಾ ದೋಣಿಯಲ್ಲಿಡುವುದು ವಾಡಿಕೆ.

ವಿಹಾರ ಮತ್ತು ಕಾಯ್ದೆ

ವಿಹಾರದ ದೋಣಿಗಳು ಈ ಸೀಮೆಯಲ್ಲಿ ಅಲ್ಪ. ಸೊಲ್ಲಾಪುರದ ಕೋಟೆಯ ಮಗ್ಗುಲಿನ ಸಿದ್ಧೇಶ್ವರ ಕೆರೆ, ಕಂಬರ ತಲಾವ ಎಂದು ಹೆಸರಾಗಿದ್ದ ಸಂಭಾಜಿ ಕೆರೆ ನಗರದವರ ಸಂಜೆಯ ತಾಣಗಳು. ಭೀಮಾ ಸೀನಾ ಕೂಡುವ ಹತ್ತರಸಂಗ ಕೂಡಲಕ್ಕೆ ಸಂಗಮೇಶ್ವರ ದೇಗುಲ, 1018ರ ಮರಾಠಿ ಶಾಸನ ನೋಡಲು ಬರುವವರೂ ಹೊಳೆಗಿಳಿಯುತ್ತಾರೆ. ಉಜನಿಯಲ್ಲಿ ಜಲ ಪ್ರವಾಸೋದ್ಯಮದ ಯೋಜನೆಯನ್ನು ಮಹಾರಾಷ್ಟ್ರ ಸರ್ಕಾರ ಕೈಗೆತ್ತಿಕೊಂಡಿದೆ.

1917ರ ಕಾಯ್ದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದಿಂದ ನಡೆಯುವ ದೋಣಿಗಳಿಗೆ ನೋಂದಣಿ, ತಪಾಸಣೆ, ಚಾಲಕರಿಗೆ ಅರ್ಹತೆಯನ್ನು ಕಡ್ಡಾಯ ಮಾಡಿದೆ. ಯಂತ್ರವಿಲ್ಲದವನ್ನೂ ಸ್ಥಳೀಯವಾಗಿ ದಾಖಲಿಸಬೇಕೆನ್ನುತ್ತದೆ. ಕಾಗದದ ಮೇಲೆ ಇಷ್ಟು ಬಿಗಿಯಿದ್ದರೂ 2024ರ ಮೇ 21ರ ಸಂಜೆ ಉಜನಿ ಹಿನ್ನೀರಿನಲ್ಲಿ ಕುಗಾಂವದಿಂದ ಕಳಾಶಿಗೆ ಹೊರಟ ದೋಣಿ ಬಿರುಗಾಳಿಗೆ ಸಿಕ್ಕಿ ಮಗುಚಿ ಆರು ಜನ ಮುಳುಗಿದರು; ಅವರಲ್ಲಿ ಮಕ್ಕಳೂ ಇದ್ದರು. ಅಗಲವಾದ ಹಿನ್ನೀರಿನಲ್ಲಿ ಮುಂಗಾರು ಪೂರ್ವದ ಗಾಳಿ ಅರೆಗಳಿಗೆಯಲ್ಲಿ ಅಲೆ ಎಬ್ಬಿಸುತ್ತದೆ. ಹೊಳೆಗೆ ಹೇಳಿ ಮಾಡಿಸಿದ, ಅಂಚು ತಗ್ಗಾದ ದೋಣಿಗೆ ಆ ಅಲೆ ತಡೆಯುವ ಎತ್ತರವಿಲ್ಲ; ಹೊಳೆಯ ದೋಣಿ ಕೆರೆಯ ದೋಣಿ ಬೇರೆ ಬೇರೆ ಎಂಬ ತಿಳಿವಳಿಕೆ ಕಾಯ್ದೆಗಿಂತ ಮೊದಲು ಬರಬೇಕಿತ್ತು. ಕುಗಾಂವ ಮತ್ತು ಶಿರಸೋಡಿಗಳ ನಡುವೆ ಸೇತುವೆ ಮಂಜೂರಾಗಿದೆ. ಅದು ಮುಗಿದ ಮೇಲೆ ಆ ದಡಗಳ ಪ್ರಯಾಣಿಕರ ದೋಣಿಗೆ ಉಳಿಯುವುದು ಮೀನು, ಹಕ್ಕಿ ನೋಡುವವರು ಮತ್ತು ಸೇತುವೆಗೆ ದೂರವಾದ ವಸತಿಗಳು.